ಪರೀಕ್ಷೆ ಕನ್ನಡದಲ್ಲಿ, ಭಯ ಇಂಗ್ಲಿಷಿನದು

ಬ್ಯಾಂಕ್ ಕ್ಲರ್ಕ್ ಪರೀಕ್ಷೆಯನ್ನು ಕನ್ನಡದಲ್ಲೂ ನಡೆಸಲು ಕೇಂದ್ರ ಹಣಕಾಸು ಸಚಿವಾಲಯ 2021ರಲ್ಲಿ ಶಿಫಾರಸು ಮಾಡಿದಾಗ ಕಡೂರು, ತರೀಕೆರೆ ಕಡೆಯ ನಾವೆಲ್ಲ ಖುಷಿಪಟ್ಟೆವು. 2023ರಲ್ಲಿ ಎಸ್‌ಎಸ್‌ಸಿ ಕೂಡ ಎಂಟಿಎಸ್, ಸಿಎಚ್‌ಎಸ್‌ಎಲ್ ಪರೀಕ್ಷೆಗಳಿಗೆ ಕನ್ನಡ ಸೇರಿಸಿತು. ಆದರೆ ಐಬಿಪಿಎಸ್ ಕ್ಲರ್ಕ್ ಪೂರ್ವಭಾವಿ ಪರೀಕ್ಷೆಯ 100 ಅಂಕಗಳಲ್ಲಿ 30 ಇಂಗ್ಲಿಷ್‌ನವೇ, ಅದೂ 20 ನಿಮಿಷದಲ್ಲಿ. ಕನ್ನಡ ಮಾಧ್ಯಮದವರು ಎಡವುವುದು ಅಲ್ಲೇ.

ಹಾಗಾಗಿ ದಿನಕ್ಕೆ ಐವತ್ತು ಕಠಿಣ ಪದ ಬಾಯಿಪಾಠ ಮಾಡುವ ಭರಾಟೆ ನಮ್ಮಲ್ಲಿ ಶುರುವಾಗಿದೆ. ನನಗೆ ಅದರಲ್ಲಿ ನಂಬಿಕೆಯಿಲ್ಲ. ಅಮೆರಿಕದ ಎಸ್‌ಎಟಿ ಪರೀಕ್ಷೆಯೇ 2016ರಲ್ಲಿ ಅಪರೂಪದ ಪದಗಳನ್ನು ಕೈಬಿಟ್ಟು, ವಾಕ್ಯದೊಳಗೆ ಪದದ ಅರ್ಥ ಕೇಳತೊಡಗಿತು.

ಅಜ್ಜಂಪುರದ ಅಮೃತಮಹಲ್ ತಳಿಯ ಬಗ್ಗೆ ಇಂಗ್ಲಿಷಿನಲ್ಲಿ ಓದಿದರೆ 'ಡ್ರಾಫ್ಟ್' ಎಂಬ ಪದ ಎದುರಾಗುತ್ತದೆ. ಭಾರ ಎಳೆಯುವುದು ಎಂದರ್ಥ. ನಮ್ಮ ಸೀಮೆಗೆ ಚಿರಪರಿಚಿತವಾದ ಬರ, ಅಂದರೆ 'ಡ್ರೌಟ್'ಗೂ ಇದಕ್ಕೂ ಸ್ಪೆಲ್ಲಿಂಗ್‌ನಲ್ಲಿ ಒಂದೇ ಅಕ್ಷರದ ವ್ಯತ್ಯಾಸ: ಅಲ್ಲಿ 'ಎ', ಇಲ್ಲಿ 'ಓ'. ಪಟ್ಟಿಯಲ್ಲಿ ಓದಿದರೆ ಎರಡೂ ಕಲಸಿಹೋಗುತ್ತವೆ. ಎತ್ತಿನ ಜೊತೆ ಓದಿದರೆ ಮರೆಯುವುದಿಲ್ಲ.

ಕನ್ನಡ ವ್ಯಾಕರಣವೂ ಇಲ್ಲಿ ಕೈಹಿಡಿಯುತ್ತದೆ. 'ಸು', 'ದುರ್' ಗೊತ್ತಿದ್ದವರಿಗೆ 'ಬೆನೆ', 'ಮ್ಯಾಲ್' ಕಷ್ಟವೇನಲ್ಲ. ಬೆನೆವೊಲೆಂಟ್ ಹಿತ ಬಯಸುವವನು, ಮ್ಯಾಲೆವೊಲೆಂಟ್ ಕೇಡು ಬಯಸುವವನು. ನಾರ್ಮನ್ ಲೂಯಿಸ್ 1949ರ 'ವರ್ಡ್ ಪವರ್ ಮೇಡ್ ಈಸಿ'ಯನ್ನು ಕಟ್ಟಿದ್ದೇ ಇಂಥ ಬೇರುಗಳ ಮೇಲೆ.

ಭದ್ರಾ ಮೇಲ್ದಂಡೆ ಸುದ್ದಿಯನ್ನು ನಾನು ಮೊದಲು ಕನ್ನಡ ಪತ್ರಿಕೆಯಲ್ಲಿ, ಬಳಿಕ ಇಂಗ್ಲಿಷ್ ಪತ್ರಿಕೆಯಲ್ಲಿ ಓದುತ್ತೇನೆ. ದಿನಕ್ಕೆ ಐದಾರು ಪದ ದಕ್ಕುತ್ತವೆ. ಗ್ರಂಥಾಲಯದಲ್ಲಿ ಇಂಗ್ಲಿಷ್ ಪತ್ರಿಕೆಗೆ ಸರದಿಯೂ ಇರುವುದಿಲ್ಲ.