ಫ್ಯೂಸು ಕಾಯುವುದು ತಂತಿಯನ್ನು, ರೈತನನ್ನಲ್ಲ

ಕರ್ನಾಟಕದ ಮಾನ್ಯ ಇಂಧನ ಸಚಿವರಿಗೆ,

ಪಂಪ್‌ಸೆಟ್ ಚಾಲೂ ಮಾಡಲು ಹೋದ ರೈತ ಕರೆಂಟು ಹೊಡೆದು ಸತ್ತ ಸುದ್ದಿ ಮಳೆಗಾಲದಲ್ಲಿ ಪತ್ರಿಕೆಯ ಜಿಲ್ಲಾ ಪುಟದ ನಾಲ್ಕು ಸಾಲಿನಲ್ಲಿ ಮುಗಿದುಹೋಗುತ್ತದೆ. ಇಂಥ ಎಷ್ಟೋ ಸಾವುಗಳನ್ನು ತಪ್ಪಿಸಬಹುದು ಎಂದು ಹೇಳುವುದಕ್ಕೇ ಈ ಪತ್ರ.

ಕರೆಂಟಿಗೆ ನಮ್ಮ ಮೈ ಒಡ್ಡುವ ದೊಡ್ಡ ತಡೆ ಚರ್ಮದ ಮೇಲ್ಪದರ. ಒಣಗಿ ಜಡ್ಡುಗಟ್ಟಿದ ಅಂಗೈಯ ರೋಧ 1 ಲಕ್ಷ ಓಮ್‌ವರೆಗೂ ಇರಬಲ್ಲದು. ಅದೇ ಕೈ ನೆನೆದು, ಬರಿಗಾಲು ಕೆಸರಿನಲ್ಲಿದ್ದರೆ ಇಡೀ ಮೈಯ ರೋಧ 1,000 ಓಮ್‌ನ ಆಸುಪಾಸಿಗೆ ಇಳಿಯುತ್ತದೆ. 230 ವೋಲ್ಟ್ ತಗುಲಿದಾಗ ಒಣ ಕೈಯಲ್ಲಿ ಹರಿಯುವುದು 2.3 ಮಿಲಿ ಆಂಪಿಯರ್, ಜುಮ್ಮೆನ್ನುತ್ತದೆ ಅಷ್ಟೆ. ಒದ್ದೆ ಮೈಯಲ್ಲಿ ಹರಿಯುವುದು 230 ಮಿಲಿ ಆಂಪಿಯರ್. ಬೇಸಿಗೆಯಲ್ಲಿ ಹತ್ತಾರು ಸಲ ಶಾಕ್ ತಿಂದು ಏನೂ ಆಗದವನು ಮಳೆಯಲ್ಲೂ ಅದೇ ಸ್ಟಾರ್ಟರ್ ಪೆಟ್ಟಿಗೆಗೆ ಧೈರ್ಯವಾಗಿ ಕೈ ಹಾಕುತ್ತಾನೆ. ಅವನ ಅನುಭವವೇ ಅವನಿಗೆ ಮೋಸ ಮಾಡುತ್ತದೆ.

ಹತ್ತು ಹದಿನೈದು ಮಿಲಿ ಆಂಪಿಯರ್‌ಗೇ ಮುಂಗೈ ಸ್ನಾಯು ಸೆಟೆದು ಬೆರಳು ಬಿಗಿಯುತ್ತವೆ. ಕರೆಂಟು ಮನುಷ್ಯನನ್ನು ಎಳೆದುಕೊಳ್ಳುವುದಿಲ್ಲ. ಅವನ ಕೈಯೇ ತಂತಿಯನ್ನು ಬಿಡಲಾರದೆ ಹಿಡಿಯುತ್ತದೆ. ಹಿಡಿದಷ್ಟೂ ಹೊತ್ತು ಚರ್ಮ ಬೆವರಿ, ಸುಟ್ಟು, ಉಳಿದ ತಡೆಯೂ ಹೋಗುತ್ತದೆ. 30ರ ಸುಮಾರಿಗೆ ಉಸಿರು ಕಟ್ಟಬಹುದು. 100ರ ಹತ್ತಿರ ಬಂದರೆ ಹೃದಯ ಲಯ ತಪ್ಪಿ ಬರೀ ಅದುರತೊಡಗುತ್ತದೆ, ರಕ್ತ ಹರಿಯುವುದು ನಿಲ್ಲುತ್ತದೆ.

ಇಷ್ಟಾದರೂ ಫ್ಯೂಸ್ ಹಾರುವುದಿಲ್ಲ. ಹತ್ತಾರು ಆಂಪಿಯರ್‌ನ ಫ್ಯೂಸಿಗೆ, ಎಂಸಿಬಿಗೆ ಕಾಲು ಆಂಪಿಯರ್ ಲೆಕ್ಕಕ್ಕೇ ಇಲ್ಲ. ಮನುಷ್ಯನನ್ನು ಕಾಯಬಲ್ಲದ್ದು ಆರ್‌ಸಿಸಿಬಿ ಎಂಬ ಉಪಕರಣ. ಹೋದ ಕರೆಂಟಿಗೂ ಮರಳಿದ ಕರೆಂಟಿಗೂ 30 ಮಿಲಿ ಆಂಪಿಯರ್ ವ್ಯತ್ಯಾಸ ಬಂದರೆ ಅದು ಕ್ಷಣಮಾತ್ರದಲ್ಲಿ ಲೈನ್ ಕಡಿಯುತ್ತದೆ. ಹಳೆಯ ಮೋಟಾರು, ಸವೆದ ಕೇಬಲ್ ಸೋರುವ ಕಡೆ ಅದು ಪದೇ ಪದೇ ಟ್ರಿಪ್ ಆಗುತ್ತದೆ, ಬೇಸತ್ತ ರೈತ ಅದನ್ನು ಕಿತ್ತು ನೇರ ತಂತಿ ಕೊಡುತ್ತಾನೆ ಎಂಬ ಆಕ್ಷೇಪ ನಿಜ. ಆದ್ದರಿಂದ ಆರ್‌ಸಿಸಿಬಿ ಹಂಚಿದರೆ ಸಾಲದು, ಮೋಟಾರಿನ ಇನ್ಸುಲೇಷನ್ನನ್ನೂ ಅರ್ಥಿಂಗನ್ನೂ ಇಲಾಖೆಯವರೇ ಪರೀಕ್ಷಿಸಿಕೊಡಬೇಕು.

10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಸರ್ಕಾರ ಉಚಿತ ವಿದ್ಯುತ್ ಕೊಡುತ್ತಿದೆ. ಅದರ ಜೊತೆಗೆ ಈ ಉಪಕರಣವನ್ನೂ ಕೊಡಿ. ಹೊಸ ಸಂಪರ್ಕಕ್ಕೆ ಕಡ್ಡಾಯ ಮಾಡಿ, ಹಳೆಯವಕ್ಕೆ ಹಂತ ಹಂತವಾಗಿ ಹಾಕಿಸಿ. ತ್ರೀ ಫೇಸ್ ವಿದ್ಯುತ್ತನ್ನು ಹಗಲಿನಲ್ಲೇ ಕೊಡಿಸಿ. ಕತ್ತಲಲ್ಲಿ, ಒದ್ದೆ ಬದುವಿನ ಮೇಲೆ, ಬರಿಗಾಲಲ್ಲಿ ರೈತ ಸ್ಟಾರ್ಟರ್ ಮುಟ್ಟುವಂತಾಗಬಾರದು. ಮುಂದಿನ ಮುಂಗಾರಿಗೆ ಮೊದಲೇ ಆದೇಶ ಹೊರಡಿಸಬೇಕೆಂದು ಕೈಮುಗಿದು ಕೇಳುತ್ತೇನೆ.