ಟೊಂಗೆಯ ಕಾಣಿಕೆ, ಕಸಿಯ ಬಾಳು

ಇಂಗ್ಲೆಂಡಿನ ಸಾಮರ್ಸೆಟ್ ಪ್ರಾಂತದ ಗ್ಲಾಸ್ಟನ್‌ಬರಿಯಲ್ಲಿ ಪ್ರತಿ ಡಿಸೆಂಬರಿನಲ್ಲೂ ಒಂದು ಪುಟ್ಟ ಸಮಾರಂಭ ನಡೆಯುತ್ತದೆ. ಸಂತ ಯೋಹಾನನ ಇಗರ್ಜಿಯ ಅಂಗಳದಲ್ಲಿರುವ ಮುಳ್ಳುಮರದಿಂದ ಹೂಬಿಟ್ಟ ಟೊಂಗೆಯೊಂದನ್ನು ಕತ್ತರಿಸಿ, ಕ್ರಿಸ್‌ಮಸ್ ಕಾಣಿಕೆಯಾಗಿ ಅರಮನೆಗೆ ಕಳುಹಿಸುತ್ತಾರೆ. ಒಂದನೇ ಜೇಮ್ಸ್ ದೊರೆಯ ರಾಣಿ ಆ್ಯನಳಿಗೆ ಹೀಗೆ ಹೂ ಹೋಗಿತ್ತು. ನಿಂತುಹೋಗಿದ್ದ ಪದ್ಧತಿ 1929ರಲ್ಲಿ ಮತ್ತೆ ಚಾಲನೆಗೆ ಬಂತು. ಹಾಥಾರ್ನ್ ಎಂಬ ಈ ಮುಳ್ಳುಗಿಡ ಸಾಮಾನ್ಯವಾಗಿ ವಸಂತದಲ್ಲಿ ಮಾತ್ರ ಅರಳುತ್ತದೆ. ಗ್ಲಾಸ್ಟನ್‌ಬರಿಯ ತಳಿಯಾದರೋ ಕೊರೆಯುವ ಚಳಿಯಲ್ಲಿ ಇನ್ನೊಮ್ಮೆ ಹೂ ತಳೆಯುತ್ತದೆ.

ಏಸುವಿನ ದೇಹವನ್ನು ಸಮಾಧಿ ಮಾಡಿದ ಅರಿಮಥಾಯದ ಯೋಸೇಫನು ಕಡಲು ದಾಟಿ ಬಂದು, ಅಲ್ಲಿನ ವೇರಿಯಾಲ್ ಗುಡ್ಡದಲ್ಲಿ ಊರುಗೋಲನ್ನು ನೆಟ್ಟನೆಂದೂ ಅದೇ ಬೇರುಬಿಟ್ಟು ಮರವಾಯಿತೆಂದೂ ಐತಿಹ್ಯ. ಸ್ಥಳಪುರಾಣಗಳನ್ನು ಓದಿದವರಿಗೆ ಇಂಥ ಪವಾಡ ಹೊಸದಲ್ಲ. ಸ್ವಾರಸ್ಯವಿರುವುದು ಕಥೆಯ ವಯಸ್ಸಿನಲ್ಲಿ. 1520ರಲ್ಲಿ ಅಚ್ಚಾದ ಯೋಸೇಫನ ಪದ್ಯಚರಿತೆಯಲ್ಲಿ ಚಳಿಗಾಲದಲ್ಲಿ ಅರಳುವ ಮುಳ್ಳುಮರವಿದೆ, ಊರುಗೋಲಿಲ್ಲ. ಅದು ಬರವಣಿಗೆಯಲ್ಲಿ ಕಾಣಿಸಿಕೊಳ್ಳುವುದು 18ನೇ ಶತಮಾನದ ಆರಂಭದಲ್ಲಿ. ಅಂದರೆ ಹೂವಿಗಿಂತ ಕೋಲು ಇನ್ನೂರು ವರ್ಷ ಚಿಕ್ಕದು!

ಹಾಗೆಂದು ಐತಿಹ್ಯವನ್ನು ಸುಳ್ಳೆಂದು ಬದಿಗಿಡುವುದು ಅವಸರದ ತೀರ್ಪಾದೀತು. 1752ರಲ್ಲಿ ಬ್ರಿಟಿಷ್ ಸರ್ಕಾರ ಪಂಚಾಂಗವನ್ನು ತಿದ್ದಿ ಹನ್ನೊಂದು ದಿನಗಳನ್ನು ಕೈಬಿಟ್ಟಿತು. ಆ ವರ್ಷದ ಕ್ರಿಸ್‌ಮಸ್ ಮುನ್ನಾರಾತ್ರಿ ಬಕಿಂಗ್‌ಹ್ಯಾಮ್‌ಶೈರಿನ ಕ್ವೇಂಟನ್ ಎಂಬ ಹಳ್ಳಿಯಲ್ಲಿ ಜನ ದೀಪ ಹಿಡಿದು, ಗ್ಲಾಸ್ಟನ್‌ಬರಿಯ ತಳಿಯದೆಂದು ನಂಬಿದ್ದ ಮುಳ್ಳುಮರದ ಸುತ್ತ ನೆರೆದರು. ಮರ ಹೂಬಿಡಲಿಲ್ಲ. ಹೊಸ ಹಬ್ಬ ನಿಜವಾದ ಹಬ್ಬವಲ್ಲವೆಂದು ಅವರು ನಿರ್ಧರಿಸಿದರು. ಪಾರ್ಲಿಮೆಂಟಿನ ಶಾಸನಕ್ಕಿಂತ ಮರದ ಮೊಗ್ಗು ಅವರಿಗೆ ಹೆಚ್ಚಿನ ಪ್ರಮಾಣವಾಗಿತ್ತು. ಇದು ಸಂತನ ಚರಿತ್ರೆಯಲ್ಲದಿರಬಹುದು, ಜನರ ಚರಿತ್ರೆಯಂತೂ ಹೌದು.

ಈ ಮರಕ್ಕೆ ಇನ್ನೊಂದು ವಿಶೇಷವಿದೆ. ಬೀಜ ಬಿತ್ತಿದರೆ ಹುಟ್ಟುವುದು ಸಾಮಾನ್ಯ ಹಾಥಾರ್ನ್. ಎರಡು ಬಾರಿ ಅರಳುವ ಗುಣ ಉಳಿಯಬೇಕಾದರೆ ಕಸಿ ಕಟ್ಟಬೇಕು. 17ನೇ ಶತಮಾನದ ಅಂತರ್ಯುದ್ಧದಲ್ಲಿ ಮೂಢನಂಬಿಕೆಯ ಕುರುಹೆಂದು ಹಳೆಯ ಮರವನ್ನು ಕಡಿದರು. 2010ರ ಡಿಸೆಂಬರಿನಲ್ಲಿ ಕಿಡಿಗೇಡಿಗಳು ವೇರಿಯಾಲ್ ಗುಡ್ಡದ ಮರದ ಕೊಂಬೆಗಳನ್ನು ಕತ್ತರಿಸಿಹಾಕಿದರು. ಎರಡು ಸಲವೂ ತಳಿ ಅಳಿಯಲಿಲ್ಲ. ಅದರ ಕುಡಿಗಳು ಆಗಲೇ ಬೇರೆಬೇರೆ ತೋಟಗಳಲ್ಲಿ ಊರಿನ ಸಾಮಾನ್ಯ ಮುಳ್ಳುಗಿಡದ ಬುಡಕ್ಕೆ ಅಂಟಿಕೊಂಡಿದ್ದವು. ಅಟ್ಲಾಂಟಿಕ್ ದಾಟಿದ ಒಂದು ಕುಡಿ ವಾಷಿಂಗ್ಟನ್ನಿನಲ್ಲಿ, 1907ರಲ್ಲಿ ಅಡಿಗಲ್ಲು ಕಂಡ ರಾಷ್ಟ್ರೀಯ ಕ್ಯಾಥೆಡ್ರಲಿನ ಆವರಣದಲ್ಲಿ ಮರವಾಯಿತು.

ಅರಮನೆಯ ಮೇಜಿಗೆ ಹೋದ ಟೊಂಗೆ ಕೆಲವೇ ದಿನಗಳಲ್ಲಿ ಬಾಡುತ್ತದೆ. ಅದರಲ್ಲಿ ಗೌರವವಿದೆ, ಮುಂದಿನ ಚಿಗುರಿಲ್ಲ. ಗಡಿಯಾಚೆಯ ಕನ್ನಡಕ್ಕೆ ಬಹುಕಾಲದಿಂದ ಸಲ್ಲುತ್ತಿರುವುದು ಹೆಚ್ಚಾಗಿ ಈ ಟೊಂಗೆಯ ಗೌರವವೇ. ನವೆಂಬರ್ ಬಂತೆಂದರೆ ಕಾಸರಗೋಡಿಗೋ ತಾಳವಾಡಿಗೋ ಜತ್ತಕ್ಕೋ ಹಾರ, ಶಾಲು, ಭಾಷಣಗಳು ಬರುತ್ತವೆ. ಬೇಡವೆನ್ನುವಂತಿಲ್ಲ, ಬಂದವರು ಪ್ರೀತಿಯಿಂದಲೇ ಬರುತ್ತಾರೆ. ಆದರೆ ಕನ್ನಡ ಮೇಷ್ಟರ ಕುರ್ಚಿ ಖಾಲಿಯಿರುವ ಶಾಲೆಗೆ ಶಾಲಿನಿಂದ ಏನಾದೀತು? ಕಸಿ ಕಟ್ಟುವ ಕೆಲಸ ನಿಧಾನದ್ದು, ಛಾಯಾಚಿತ್ರಕ್ಕೆ ಒದಗುವಂಥದಲ್ಲ. ಕಟ್ಟಿದವರು ವರ್ಷವಿಡೀ ಅಲ್ಲೇ ಇದ್ದು ನೀರೆರೆಯಬೇಕು.

ಕಸಿಗೆ ಬುಡ ಕೊಡುವುದು ಆಯಾ ನೆಲದ ಗಿಡವೇ. ಗಡಿನಾಡಿನ ವಿದ್ಯಾರ್ಥಿಯ ಮಾತಿನಲ್ಲಿ ಮಲಯಾಳದ, ತಮಿಳಿನ, ಮರಾಠಿಯ ಪದಗಳು ಸುಳಿದರೆ ಅದನ್ನು ಕಲಬೆರಕೆಯೆಂದು ಹೀಗಳೆಯುವವರು ಈ ಸಂಗತಿಯನ್ನು ಮರೆಯುತ್ತಾರೆ. ಆ ವಿದ್ಯಾರ್ಥಿಯೇ ಮುಂದೆ ತನ್ನೂರಿನ ಗುಡಿಯ, ದರ್ಗಾದ, ಇಗರ್ಜಿಯ ಐತಿಹ್ಯಗಳನ್ನು ಬರೆದಿಡಬೇಕಾದವನು. ಯಾರ ಬಾಯಿಂದ, ಯಾವ ವರ್ಷ ಕೇಳಿದ್ದೆಂಬ ಟಿಪ್ಪಣಿಯೊಂದಿಗೆ. ಊರುಗೋಲಿನ ವಯಸ್ಸು ಇಂದು ಗೊತ್ತಿರುವುದು ಯಾರೋ ಅದನ್ನು ಆಗ ಬರೆದಿಟ್ಟದ್ದರಿಂದ.