ಖಾಲಿ ಮರಳುವ ಲಾರಿ

2009ರ ಬೇಸಗೆಯಲ್ಲಿ ನನಗೆ ಒಂದು ಕಾಲೇಜಿನಿಂದ ಇನ್ನೊಂದಕ್ಕೆ ವರ್ಗವಾಯಿತು. ಎರಡು ಊರುಗಳೂ ಕರ್ನಾಟಕದೊಳಗಿನವೇ. ನಡುವಣ ದೂರ ಸುಮಾರು 300 ಕಿಲೋಮೀಟರು. ಕನ್ನಡ ಅಧ್ಯಾಪಕನ ಮನೆಯಲ್ಲಿ ಸಾಮಾನೆಂದರೆ ಪುಸ್ತಕಗಳೇ. ಪಾತ್ರೆಪಡಗಗಳಿಗೆ ಲಾರಿಯ ಒಂದು ಮೂಲೆ ಸಾಕು. ಊರಿನ ಲಾರಿಯವರು ಹೇಳಿದ ಬಾಡಿಗೆಯನ್ನು ಕೇಳಿ, ಪುಸ್ತಕಗಳನ್ನು ಅಲ್ಲಿಯೇ ಯಾರಿಗಾದರೂ ದಾನ ಮಾಡಿಬಿಡಲೇ ಎಂದು ಯೋಚಿಸುತ್ತಿದ್ದೆ. ಅಷ್ಟರಲ್ಲಿ ನಾಮಕ್ಕಲ್ಲಿನ ಲಾರಿಯೊಂದು ಸರಕಿಳಿಸಿ ಬರಿದಾಗಿ ಹಿಂದಿರುಗಲಿದೆಯೆಂಬ ಸುದ್ದಿ ಬಂದಿತು. ಅದರ ದಾರಿಯಲ್ಲಿಯೇ ನನ್ನ ಹೊಸ ಊರು. ಹೇಗೂ ಹೋಗಲೇಬೇಕು, ಡೀಸೆಲ್ಲಿನ ಹಣ ಹುಟ್ಟಿದರೆ ಸಾಕೆಂದು ಚಾಲಕನು ಅರ್ಧ ಬಾಡಿಗೆಗೆ ಒಪ್ಪಿದನು. ಗಂಟುಗಳನ್ನು ಏರಿಸಿ ಊರ ಹೊರಗಿನ ನಾಕಾ ಸೇರುವಷ್ಟರಲ್ಲಿ ಸ್ಥಳೀಯ ಲಾರಿ ಮಾಲೀಕರ ಸಂಘದ ನಾಲ್ವರು ಅಡ್ಡ ನಿಂತರು. "ಮೇಷ್ಟ್ರೇ, ನಿಮ್ಮ ಮೇಲೆ ನಮಗೇನೂ ಸಿಟ್ಟಿಲ್ಲ. ಇಲ್ಲಿ ಎದ್ದ ಲೋಡು ಇಲ್ಲಿನ ಗಾಡಿಗೇ ಸೇರಬೇಕು" ಎಂದರು. ಪುಸ್ತಕದ ಗಂಟುಗಳೆಲ್ಲ ಹುಣಸೆಮರದ ಕೆಳಗೆ ಇಳಿದವು. ಇನ್ನೊಂದು ಲಾರಿ ಬರುವವರೆಗೆ ನನ್ನ ಹಳಗನ್ನಡ ಕಾವ್ಯಗಳ ಮೇಲೆ ಕಟ್ಟಿರುವೆಗಳು ಹರಿದಾಡಿದವು.

ಅಂದು ನಾನು ಕೂಗಾಡಿದೆ, ಇದು ಗೂಂಡಾಗಿರಿಯೆಂದೆ. ಕೆಲವು ತಿಂಗಳ ಮೇಲೆ ವಕೀಲ ಮಿತ್ರರೊಬ್ಬರು ನನ್ನ ಕಣ್ಣು ತೆರೆಸಿದರು. ನ್ಯಾಷನಲ್ ಪರ್ಮಿಟ್ಟಿನ ಪರರಾಜ್ಯದ ಲಾರಿ ಒಂದು ರಾಜ್ಯದಿಂದ ಇನ್ನೊಂದಕ್ಕೆ ಸರಕು ಒಯ್ಯಬಹುದು. ಪರರಾಜ್ಯದೊಳಗಿನ ಎರಡು ಊರುಗಳ ನಡುವೆ ಒಯ್ಯುವಂತಿಲ್ಲ ಎಂದು ಮೋಟಾರು ವಾಹನ ನಿಯಮದಲ್ಲಿಯೇ ಇದೆಯಂತೆ. ಅಡ್ಡ ನಿಂತ ರೀತಿ ಸರಿಯಲ್ಲದಿರಬಹುದು. ಆದರೆ ಕಾಯಿದೆ ಅವರ ಕಡೆಗಿದ್ದಿತು. ತಪ್ಪು ಮಾಡಿದವನು ನಾನು!

ಈ ಹಳೆಯ ಸಂಗತಿ ಈಗ ನೆನಪಾದುದು ದೂರದ ಇನ್ನೊಂದು ನಾಕಾದ ದೆಸೆಯಿಂದ. ಅಮೆರಿಕ, ಮೆಕ್ಸಿಕೊ, ಕೆನಡಗಳ ನಡುವೆ 2020ರ ಜುಲೈ 1ರಂದು ಜಾರಿಗೆ ಬಂದ ವ್ಯಾಪಾರದ ಒಪ್ಪಂದವನ್ನು ಆರನೆಯ ವರ್ಷಕ್ಕೆ ಮೂವರೂ ಕೂಡಿ ಮರುಪರಿಶೀಲಿಸಬೇಕೆಂದು ಆ ಒಪ್ಪಂದದಲ್ಲಿಯೇ ಬರೆದಿದೆ. ಅದರ ಒಂದು ಮೂಲೆಯಲ್ಲಿ ಲಾರಿಯ ಮಾತೂ ಉಂಟು. ಮೆಕ್ಸಿಕೊದ ಲಾರಿಗಳಿಂದ ತನ್ನ ಲಾರಿಯವರಿಗೆ ಗಣನೀಯ ಹಾನಿಯಾಗುವುದಾದರೆ, ದೂರ ಸಂಚಾರಕ್ಕೆ ಹೊಸ ಪರವಾನಗಿ ಕೊಡದಿರುವ ಹಕ್ಕನ್ನು ಅಮೆರಿಕ ಅಲ್ಲಿ ಇಟ್ಟುಕೊಂಡಿದೆ. ಈ ಒಂದು ಮಾತಿನ ಹಿಂದೆ ಕಾಲು ಶತಮಾನದ ಜಗಳವಿದೆ.

ಟೆಕ್ಸಾಸಿನ ಲರೇಡೊ, ಮೆಕ್ಸಿಕೊದ ನುವೆವೊ ಲರೇಡೊ ಇವೆರಡೂ ಒಂದೇ ಹೊಳೆಯ ಎರಡು ದಡದ ಊರುಗಳು. ಹೊಳೆಯನ್ನು ಅಮೆರಿಕದವರು ರಿಯೊ ಗ್ರಾಂಡೆ ಎನ್ನುತ್ತಾರೆ, ಮೆಕ್ಸಿಕೊದವರು ರಿಯೊ ಬ್ರಾವೊ. ಸರಕಿನ ಲಾರಿಗಳಿಗೆಂದೇ ಮೀಸಲಾದ ಸೇತುವೆಯೊಂದು 2000ದಲ್ಲಿ ಅಲ್ಲಿ ತೆರೆಯಿತು. ಮಾಂಟೆರ್ರೆಯಲ್ಲಿ ತುಂಬಿದ ಸರಕು ಷಿಕಾಗೊ ಮುಟ್ಟಬೇಕಾದರೆ ರೂಢಿ ಹೀಗೆ: ಮೆಕ್ಸಿಕೊದ ಲಾರಿ ತನ್ನ ಟ್ರೈಲರನ್ನು ಆ ದಡದ ಅಂಗಳದಲ್ಲಿ ಕಳಚಿಬಿಡುತ್ತದೆ. ಸೇತುವೆ ದಾಟಿಸುವುದಕ್ಕೆಂದೇ ಇರುವ ಎರಡನೆಯ ಗಾಡಿ ಅದನ್ನು ಈ ದಡದ ಅಂಗಳಕ್ಕೆ ಎಳೆದು ತರುತ್ತದೆ. ಅಲ್ಲಿಂದ ಮುಂದೆ ಅಮೆರಿಕದ ಲಾರಿ. ನಡುವಣ ಗಾಡಿಗಳು ಬಹುಮಟ್ಟಿಗೆ ಹಳೆಯವು. ಓಡುವುದಕ್ಕಿಂತ ಕಾಯುವುದೇ ಅವಕ್ಕೆ ಹೆಚ್ಚು. ಎಷ್ಟೋ ಸಲ ಬರಿದಾಗಿಯೇ ಮರಳುತ್ತವೆ. ಹುಣಸೆಮರದ ಕೆಳಗೆ ನನ್ನ ಗಂಟುಗಳು ಒಂದು ದಿನ ಪಟ್ಟ ಪಾಡನ್ನು ಅಲ್ಲಿ ದಿನವೂ ಸಾವಿರಾರು ಟ್ರೈಲರುಗಳು ಪಡುತ್ತವೆ.

ಇದು ತಪ್ಪಲೆಂದೇ 1994ರ ಜನವರಿ 1ರಂದು ಜಾರಿಗೆ ಬಂದ ಹಿಂದಿನ ಒಪ್ಪಂದ ಹಾದಿ ತೆರೆದಿದ್ದಿತು. 1995ರ ಡಿಸೆಂಬರ್ 18ರಿಂದ ಗಡಿಯ ರಾಜ್ಯಗಳಲ್ಲಿ, 2000ದ ಮೊದಲ ದಿನದಿಂದ ದೇಶದಲ್ಲೆಲ್ಲ, ಮೆಕ್ಸಿಕೊದ ಲಾರಿ ನೇರವಾಗಿ ಹೋಗಬಹುದೆಂದು ಮಾತಾಯಿತು. ಆ ಡಿಸೆಂಬರ್ 18 ಬಂದಿತು. ಅದೇ ದಿನ ಕ್ಲಿಂಟನ್ ಸರ್ಕಾರ ಬಾಗಿಲು ಹಾಕಿಕೊಂಡಿತು. ಟೀಮ್‌ಸ್ಟರ್ಸ್ ಎಂಬ ಚಾಲಕರ ದೊಡ್ಡ ಸಂಘ ಬಲವಾಗಿ ವಿರೋಧಿಸಿದ್ದಿತು. ಅವರ ಭಯವನ್ನು ಬರಿಯ ಪರದ್ವೇಷವೆಂದು ತಳ್ಳಿಬಿಡಲಾಗದು. ಮೆಕ್ಸಿಕೊದ ಚಾಲಕನ ಸಂಬಳ ಬಹಳ ಕಡಮೆ. ಗಾಡಿ ಹಳೆಯದಾದರೆ, ನಿದ್ದೆಯಿಲ್ಲದೆ ಓಡಿಸಿದರೆ, ಸಾಯುವವರು ಎದುರು ಬರುವವರು. 2001ರಲ್ಲಿ ಪಂಚಾಯಿತಿ ಮಂಡಲಿ ಅಮೆರಿಕ ಮಾತಿಗೆ ತಪ್ಪಿದೆಯೆಂದು ತೀರ್ಪಿತ್ತಿತು. 2007ರಲ್ಲಿ ಪರೀಕ್ಷಾರ್ಥವಾಗಿ ಕೆಲವು ಲಾರಿಗಳನ್ನು ಬಿಟ್ಟರು. 2009ರಲ್ಲಿ ಅಲ್ಲಿಯ ಕಾಂಗ್ರೆಸ್ಸು ಹಣ ನಿಲ್ಲಿಸಿ ಅದನ್ನೂ ಮುಗಿಸಿತು. ನನ್ನ ಪುಸ್ತಕಗಳು ರಸ್ತೆಗಿಳಿದ ವರುಷವೇ ಅದು. ಸಿಟ್ಟಿಗೆದ್ದ ಮೆಕ್ಸಿಕೊ, ವರುಷಕ್ಕೆ ಸುಮಾರು 240 ಕೋಟಿ ಡಾಲರಿನಷ್ಟು ತನ್ನಲ್ಲಿಗೆ ಬರುತ್ತಿದ್ದ ಅಮೆರಿಕದ ಸುಮಾರು 90 ಬಗೆಯ ಸರಕುಗಳ ಮೇಲೆ ಸುಂಕ ಹೇರಿತು. ಲಾರಿಯವನ ಜಗಳಕ್ಕೆ ದಂಡ ತೆತ್ತವರು ರೈತರು, ಕಾರ್ಖಾನೆಯವರು.

2011ರಲ್ಲಿ ರಾಜಿಯಾಗಿ ಮತ್ತೆ ಪರೀಕ್ಷೆ ಆರಂಭವಾಯಿತು. ಮೂರು ವರುಷದ ಕೊನೆಗೆ ಲೆಕ್ಕ ನೋಡಿದರೆ ಸೇರಿದ್ದ ಮೆಕ್ಸಿಕೊದ ಸಂಸ್ಥೆಗಳು ಹದಿನೈದು! ಇವು 28,000ಕ್ಕೂ ಹೆಚ್ಚು ಸಲ ಗಡಿ ದಾಟಿದವು, ನಿಜ. ಆದರೆ ಒಟ್ಟು ಸಂಚಾರದ ಮುಂದೆ ಅದು ಹೊಳೆಗೆ ಬೊಗಸೆ ನೀರು. ಹೀಗಿಷ್ಟೇ ಲಾರಿಗಳನ್ನು ನೋಡಿ ಎಲ್ಲವನ್ನೂ ಅಳೆಯಲಾಗದೆಂದು ಅಲ್ಲಿಯ ಸರ್ಕಾರದ ತಪಾಸಣಾಧಿಕಾರಿಯೇ ಆಕ್ಷೇಪಿಸಿದರು. ಆದರೂ 2015ರಲ್ಲಿ ಬಾಗಿಲು ತೆರೆಯಿತು. ಪ್ರಳಯವೇನೂ ಆಗಲಿಲ್ಲ.

ಏಕಾಗಲಿಲ್ಲ? ನನ್ನ ಹುಣಸೆಮರದ ಪಾಠ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಮೆಕ್ಸಿಕೊದ ಲಾರಿ ಷಿಕಾಗೊಗೆ ಸರಕು ಒಯ್ಯಬಹುದು, ಅಲ್ಲಿಂದ ಮೆಕ್ಸಿಕೊಗೆ ಸರಕು ತರಬಹುದು. ಡಲ್ಲಾಸಿನಲ್ಲಿ ತುಂಬಿ ಷಿಕಾಗೊದಲ್ಲಿ ಇಳಿಸುವಂತಿಲ್ಲ. ನಮ್ಮ ಪರ್ಮಿಟ್ಟಿನ ನಿಯಮವೇ ಅಲ್ಲಿ ದೇಶಗಳ ನಡುವಿನ ನಿಯಮವಾಗಿದೆ. ಲಾರಿಯ ವ್ಯಾಪಾರದಲ್ಲಿ ಬಾಡಿಗೆಯನ್ನು ಮುರಿಯುವುದು ಪರಊರಿನ ಲಾರಿಯಲ್ಲ. ಖಾಲಿ ಮರಳುವ ಲಾರಿ. ಅದಕ್ಕೆ ಸಿಕ್ಕಿದ್ದೆಲ್ಲ ಲಾಭ. ಊರಿನವನಾದರೋ ಸಾಲದ ಕಂತು, ಟೈರು, ವಿಮೆ, ಕ್ಲೀನರನ ಊಟ ಎಲ್ಲವನ್ನೂ ಆ ಬಾಡಿಗೆಯಲ್ಲಿಯೇ ಹುಟ್ಟಿಸಬೇಕು. ಆದಕಾರಣ ಒಳಗಿನ ಸರಕನ್ನು ಒಳಗಿನವನಿಗೆ ಕಾದಿಡುವ ನಿಯಮ ನ್ಯಾಯವಾದುದೆಂದೇ ನಾನು ಈಗ ತಿಳಿದಿದ್ದೇನೆ. ಆ ನಿಯಮ ಗಟ್ಟಿಯಾಗಿದ್ದರೆ ಸೇತುವೆಯ ಮೇಲೆ ಬಾಗಿಲು ಹಾಕುವುದು ಅನಾವಶ್ಯಕ. ಅಮೆರಿಕದವರು ಬೇಕಾದ ಬೇಲಿಯನ್ನೂ ಬೇಡದ ಬೇಲಿಯನ್ನೂ ಒಂದೆಂದು ತಿಳಿದು ಇಪ್ಪತ್ತು ವರುಷ ಕಳೆದರು. (2025ರಲ್ಲಿ ಇಂಗ್ಲಿಷು ಬಾರದ ಚಾಲಕನನ್ನು ರಸ್ತೆಯಿಂದ ಇಳಿಸುವ ನಿಯಮವನ್ನು ಬಿಗಿ ಮಾಡಿದ್ದಾರೆ. ರಸ್ತೆಯ ಫಲಕ ಓದಬೇಕೆಂಬುದು ಸರಿ. ಆದರೆ ಭಾಷೆಯ ಪರೀಕ್ಷೆ ಎಷ್ಟು ಬೇಗ ಬೇರೆಯದರ ಪರೀಕ್ಷೆಯಾಗಬಲ್ಲುದೆಂಬುದನ್ನು ಮೇಷ್ಟರುಗಳು ಬಲ್ಲರು.)

ಇಷ್ಟಕ್ಕೂ ಅಮೆರಿಕದ ಚಾಲಕನ ಅನ್ನಕ್ಕೆ ಕೈಯಿಟ್ಟವರು ಹೊಳೆಯ ಆಚೆಯವರೇ ಎಂದು ಕೇಳಬೇಕು. 1964ರಲ್ಲಿ ಟೀಮ್‌ಸ್ಟರ್ಸ್ ಸಂಘ ಇಡೀ ದೇಶಕ್ಕೆ ಒಂದೇ ಸಂಬಳದ ಕರಾರು ಮಾಡಿಸಿದ್ದಿತು. 1980ರ ಕಾಯಿದೆ ಬಾಡಿಗೆಯ ಮೇಲಿನ, ಪರವಾನಗಿಯ ಮೇಲಿನ ಕಟ್ಟುಗಳನ್ನು ಸಡಿಲಿಸಿತು. ಸಣ್ಣ ಕಂಪೆನಿಗಳು ಅಣಬೆಯಂತೆ ಎದ್ದವು, ಬಾಡಿಗೆ ಇಳಿಯಿತು, ಸಂಬಳವೂ ಇಳಿಯಿತು. 1924ರಲ್ಲಿ ಹುಟ್ಟಿದ ಯೆಲ್ಲೊ ಎಂಬ ಭಾರಿ ಲಾರಿ ಕಂಪೆನಿ 2023ರಲ್ಲಿ ಮುಚ್ಚಿ ಸುಮಾರು 30,000 ಜನ ಬೀದಿಗೆ ಬಿದ್ದರು. ಅದನ್ನು ಮುಳುಗಿಸಿದುದು ಮೆಕ್ಸಿಕೊದ ಲಾರಿಯಲ್ಲ. ಹಳೆಯ ಸಾಲ, ಒಳಗಿನ ಪೈಪೋಟಿ, ಸಂಘದೊಡನೆ ಮುರಿದ ಮಾತು. ಹೊರಗಿನ ಶತ್ರುವನ್ನು ಕಾಯುತ್ತ ನಿಂತವರ ಬೆನ್ನ ಹಿಂದೆ ಮನೆ ಕುಸಿದಿದ್ದಿತು.

ಹಾಗೆಂದು ಎಲ್ಲ ಗಡಿಗಳಿಗೂ ಒಂದೇ ಮಾತು ಹೇಳಲಾರೆ. ನಮ್ಮ ನೆರೆಯಲ್ಲಿಯೇ 2015ರ ಜೂನ್ 15ರಂದು ಥಿಂಪುವಿನಲ್ಲಿ ಬಾಂಗ್ಲಾದೇಶ, ಭೂತಾನ, ಭಾರತ, ನೇಪಾಳ ಇವು ಪರಸ್ಪರ ವಾಹನ ಸಂಚಾರಕ್ಕೆ ಒಪ್ಪಂದ ಮಾಡಿಕೊಂಡವು. ಭೂತಾನದ ಮೇಲ್ಮನೆ 2016ರಲ್ಲಿ ಅದನ್ನು ತಿರಸ್ಕರಿಸಿತು. ಮರುವರುಷ ಅಲ್ಲಿಯ ಸರ್ಕಾರ, ನೀವು ಮೂವರು ಮುಂದುವರಿಯಿರಿ ಎಂದುಬಿಟ್ಟಿತು. ಬೆಟ್ಟದ ಪರಿಸರದ ಚಿಂತೆಯೊಡನೆ ತನ್ನ ಲಾರಿ, ಟ್ಯಾಕ್ಸಿಯವರ ಚಿಂತೆಯೂ ಅಲ್ಲಿದ್ದಿತು. ಹತ್ತು ಲಕ್ಷವೂ ಜನರಿಲ್ಲದ ದೇಶ. ಗಡಿಯಾಚೆ ಭಾರತದ ಲಕ್ಷಾಂತರ ಲಾರಿಗಳು. ಅಲ್ಲಿ ನಾವೇ ಮೆಕ್ಸಿಕೊದವರು! ಅವರ ಭಯವನ್ನು ಹೇಡಿತನವೆನ್ನಲು ನನಗೆ ನಾಲಗೆಯೇಳದು.

ಅಂದು ಹುಣಸೆಮರದ ಕೆಳಗೆ ನಾಮಕ್ಕಲ್ಲಿನ ಚಾಲಕನು ಗಂಟುಗಳನ್ನು ಇಳಿಸಲು ತಾನೇ ಕೈಹಚ್ಚಿ, ನಾನು ಕೊಟ್ಟ ಚಹಾ ಕುಡಿದು, ಖಾಲಿ ಲಾರಿಯನ್ನು ಎಬ್ಬಿಸಿಕೊಂಡು ಹೋದನು. ಇಮ್ಮಡಿ ಬಾಡಿಗೆಗೆ ಬಂದ ಊರ ಲಾರಿಯ ಚಾಲಕನು ದಾರಿಯುದ್ದಕ್ಕೂ ಮಾತನಾಡಿದನು. ಹನ್ನೊಂದು ದಿನದಿಂದ ಲೋಡು ಇರಲಿಲ್ಲವಂತೆ. ಕಂತು ಎರಡು ತಪ್ಪಿದ್ದಿತಂತೆ. ಬೆಳಗಿನ ಜಾವಕ್ಕೆ ಹೊಸ ಊರಿನ ದೀಪಗಳು ಕಾಣಿಸಿದಾಗ ವೇಗ ತಗ್ಗಿಸಿ ಕೇಳಿದನು: "ಮೇಷ್ಟ್ರೇ, ಇಲ್ಲಿ ನಿಮಗೆ ಪರಿಚಯದವರು ಯಾರಾದರೂ ಇದ್ದಾರೆಯೇ? ನಮ್ಮೂರ ಕಡೆಗೆ ಏನಾದರೂ ಲೋಡಿದ್ದರೆ ಹೇಳಿ. ಅರ್ಧ ಬಾಡಿಗೆಗೆ ಒಯ್ಯುತ್ತೇನೆ, ಖಾಲಿ ಹೋಗುವುದು ತಪ್ಪಲಿ."